ಮಕ್ಕಳ ಮೆಸೇಜ್ ಭಾಷೆ ಮತ್ತು ನಮ್ಮ ಹೊಣೆ



ಜುಮಾ ಮುಗಿದ ಮೇಲೆ ಹೆತ್ತವರು ನಮ್ಮ ಬಳಿ ಹೇಳಿಕೊಳ್ಳುವ ಮಾತುಗಳಲ್ಲಿ ಇತ್ತೀಚೆಗೆ ಒಂದು ದೂರು ಮತ್ತೆ ಮತ್ತೆ ಬರುತ್ತಿದೆ. "ಹುಡುಗ ದಿನವಿಡೀ ಫೋನಿನಲ್ಲಿ ಏನೋ ಒತ್ತುತ್ತಲೇ ಇರುತ್ತಾನೆ ಉಸ್ತಾದರೇ. ಶಾಲೆಗೆ ಒಂದು ರಜಾ ಅರ್ಜಿ ಬರೆ ಎಂದರೆ ಮಾತ್ರ ನಾಲ್ಕು ಸಾಲು ಬರುವುದಿಲ್ಲ." ಈ ದೂರಿನಲ್ಲಿ ಎರಡು ಸಂಗತಿಗಳಿವೆ. ಒಂದು, ಮಕ್ಕಳು ಇಡೀ ದಿನ ಬರೆಯುತ್ತಿದ್ದಾರೆ. ಇನ್ನೊಂದು, ಮಕ್ಕಳಿಗೆ ಬರೆಯಲು ಬರುತ್ತಿಲ್ಲ. ಎರಡೂ ನಿಜವೇ. ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂಬುದನ್ನು ಖುತ್ಬಾದಲ್ಲಿ ಚುಟುಕಾಗಿ ಹೇಳಿದ್ದೆವು. ಅಲ್ಲಿ ಸಮಯ ಸಾಲದೆ ಬಿಟ್ಟ ವಿಷಯಗಳನ್ನೂ ಸೇರಿಸಿ ಇಲ್ಲಿ ವಿವರಿಸುತ್ತಿದ್ದೇವೆ.

ನಮ್ಮ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ. ಮೆಸೇಜ್ ಕಳುಹಿಸುವುದರಿಂದ ಮಕ್ಕಳ ಭಾಷೆ ಹಾಳಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಆದರೆ ಮೆಸೇಜ್ ಬಿಟ್ಟರೆ ಬೇರೆ ಯಾವ ಬರವಣಿಗೆಯೂ ಮನೆಯಲ್ಲಿ ಉಳಿಯದೇ ಹೋದಾಗ, ಅದೂ ನಮ್ಮ ಲಿಪಿಯಲ್ಲಿ ಬರೆಯದೇ ಹೋದಾಗ, ಮಕ್ಕಳು ಕಳೆದುಕೊಳ್ಳುವುದು ಬಹಳ. ಇದನ್ನು ತಡೆಯುವುದು ಫೋನ್ ಕಿತ್ತುಕೊಳ್ಳುವುದರಿಂದ ಆಗುವ ಕೆಲಸವಲ್ಲ.

ಮೊಟಕು ಮಾಡುವುದು ಹೊಸದೇನಲ್ಲ

ಮಕ್ಕಳು ಪದಗಳನ್ನು ಮೊಟಕು ಮಾಡುವುದನ್ನು ಕಂಡು ಹಿರಿಯರು ಗಾಬರಿಯಾಗುತ್ತಾರೆ. ಆದರೆ ಜಾಗ, ಸಮಯ, ಹಣ ಉಳಿಸಲು ಅಕ್ಷರ ಕಡಿಮೆ ಮಾಡುವುದು ಬರವಣಿಗೆಯಷ್ಟೇ ಹಳೆಯದು. ಹದೀಸ್ ಗ್ರಂಥಗಳ ಹಳೆಯ ಹಸ್ತಪ್ರತಿಗಳಲ್ಲಿ 'ಹದ್ದಸನಾ' ಎಂಬ ಪದ ಪುಟಕ್ಕೆ ಹತ್ತಾರು ಸಲ ಬರುತ್ತದೆ. ಲಿಪಿಕಾರರು ಅದನ್ನು 'ಸನಾ' ಎಂದೋ ಬರೀ 'ನಾ' ಎಂದೋ ಬರೆಯುತ್ತಿದ್ದರು. 'ಅಖ್ಬರನಾ' ಎಂಬುದು 'ಅನಾ' ಆಗುತ್ತಿತ್ತು. ಓದುವಾಗ ಮಾತ್ರ ಪೂರ್ಣ ಪದವನ್ನೇ ಓದುತ್ತಿದ್ದರು. ನಮ್ಮ ನಾಡಿನಲ್ಲಿ ಮುದ್ರಣವಾಗುವ ಮುಸ್‌ಹಫ್ ತೆರೆದು ನೋಡಿ. ಆಯತ್‌ಗಳ ನಡುವೆ ಮೇಲ್ಗಡೆ ಸಣ್ಣ ಮೀಮ್, ಜೀಮ್, ಲಾ ಕಾಣುತ್ತವೆ. ಮೀಮ್ ಇದ್ದಲ್ಲಿ ನಿಲ್ಲಲೇಬೇಕು, ಜೀಮ್ ಇದ್ದಲ್ಲಿ ನಿಲ್ಲಬಹುದು, ಲಾ ಇದ್ದಲ್ಲಿ ನಿಲ್ಲಬಾರದು. ಒಂದಿಡೀ ಸೂಚನೆ ಒಂದಕ್ಷರದಲ್ಲಿ ಅಡಗಿದೆ. ಮದ್ರಸಾದ ಎಂಟು ವರ್ಷದ ಮಗುವಿಗೂ ಅದು ಗೊತ್ತು.

ಈ ಪತ್ರಿಕೆಯಲ್ಲಿಯೂ ಪ್ರವಾದಿವರ್ಯರ ಹೆಸರಿನ ಜೊತೆ ಕಂಸದೊಳಗೆ (ಸ) ಎಂಬ ಒಂದೇ ಅಕ್ಷರ ಇರುತ್ತದೆ. ಓದುವಾಗ ನಾವು 'ಸಲ್ಲಲ್ಲಾಹು ಅಲೈಹಿ ವಸಲ್ಲಮ್' ಎಂದು ಪೂರ್ತಿ ಹೇಳುತ್ತೇವೆ. ತಂತಿ ಕಚೇರಿ ಇದ್ದ ಕಾಲದಲ್ಲಿ ಪದಕ್ಕೆ ಇಷ್ಟು ಎಂದು ದುಡ್ಡು ಕೊಡಬೇಕಿತ್ತು. ಆಗ ನಮ್ಮ ಹಿರಿಯರೂ ಸಾವು, ಹೆರಿಗೆ, ಪ್ರಯಾಣದ ಸುದ್ದಿಯನ್ನು ನಾಲ್ಕೈದು ಪದಗಳಲ್ಲೇ ಮುಗಿಸುತ್ತಿದ್ದರು. ಆ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಅದರಿಂದ ಯಾರ ಭಾಷೆಯೂ ಕೆಟ್ಟಿರಲಿಲ್ಲ.

ಇಲ್ಲೆಲ್ಲ ಒಂದು ನಿಯಮವಿದೆ. ಪೂರ್ಣ ರೂಪ ಗೊತ್ತಿದ್ದವರು ಮೊಟಕು ಮಾಡುತ್ತಿದ್ದರು, ಓದುವವರಿಗೂ ಪೂರ್ಣ ರೂಪ ಗೊತ್ತಿರುತ್ತಿತ್ತು. ಹಾಗಿರುವಾಗ ಮೊಟಕು ಎನ್ನುವುದು ಒಂದು ಜಾಣತನ. ಪೂರ್ಣ ರೂಪವೇ ಗೊತ್ತಿಲ್ಲದೆ ಮೊಟಕು ಮಾತ್ರ ಗೊತ್ತಿದ್ದರೆ ಅದು ಬಡತನ. ನಮ್ಮ ಮಕ್ಕಳು ಇವೆರಡರಲ್ಲಿ ಯಾವ ಕಡೆ ಇದ್ದಾರೆ ಎಂಬುದನ್ನು ನೋಡಬೇಕು.

ಸಂಶೋಧಕರು ಕಂಡದ್ದು

ಮೊಬೈಲ್ ಸಂದೇಶಕ್ಕೆ ಹೆಚ್ಚು ವಯಸ್ಸಾಗಿಲ್ಲ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನ ನೀಲ್ ಪ್ಯಾಪ್‌ವರ್ತ್ ಎಂಬ ಯುವ ಎಂಜಿನಿಯರ್ ಕಂಪ್ಯೂಟರ್‌ನಿಂದ ಒಂದು ಮೊಬೈಲ್‌ಗೆ ಹಬ್ಬದ ಶುಭಾಶಯ ಕಳುಹಿಸಿದರು. ಅದೇ ಮೊದಲ ಎಸ್ಸೆಮ್ಮೆಸ್. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಅದು ಮಕ್ಕಳ ಕೈಗೆ ಬಂತು. ಒಂದು ಸಂದೇಶಕ್ಕೆ 160 ಅಕ್ಷರದ ಮಿತಿ, ಒಂದೊಂದಕ್ಕೂ ದುಡ್ಡು, ಒಂದಕ್ಷರ ಬರಲು ಗುಂಡಿಯನ್ನು ಮೂರು ಸಲ ಒತ್ತಬೇಕು. ಹಾಗಾಗಿ ಮಕ್ಕಳು ಸ್ವರಗಳನ್ನು ಬಿಟ್ಟರು, ಪದಕ್ಕೆ ಬದಲು ಅಂಕಿ ಬರೆದರು. ಇಂಗ್ಲಿಷಿನ ಗತಿ ಮುಗಿಯಿತು ಎಂದು ಅಲ್ಲಿನ ಪತ್ರಿಕೆಗಳು ಬರೆದವು.

ಇಂಗ್ಲೆಂಡಿನ ಕವೆಂಟ್ರಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 10ರಿಂದ 12 ವರ್ಷದ 88 ಮಕ್ಕಳಿದ್ದರು. ಎಲ್ಲರೂ ನಿರೀಕ್ಷಿಸಿದ್ದಕ್ಕೆ ವಿರುದ್ಧವಾದ ಫಲ ಬಂತು. ಸಂದೇಶದಲ್ಲಿ ಮೊಟಕು ಪದಗಳನ್ನು ಹೆಚ್ಚು ಬಳಸುವ ಮಕ್ಕಳು ಪದ ಓದುವ ಪರೀಕ್ಷೆಯಲ್ಲಿ ಮುಂದಿದ್ದರು. ಇದಕ್ಕೆ ಅವರು ಕೊಟ್ಟ ವಿವರಣೆ ಸರಳವಾದದ್ದು. ಪದದ ಧ್ವನಿ ಸರಿಯಾಗಿ ಕೇಳಿಸಿದ ಮಗು ಮಾತ್ರ ಆ ಧ್ವನಿಯನ್ನು ಕಡಿಮೆ ಅಕ್ಷರಗಳಲ್ಲಿ ಹಿಡಿಯಬಲ್ಲದು. ಆಟವಾಡುತ್ತಲೇ ಮಗು ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಅಭ್ಯಾಸ ಮಾಡುತ್ತಿತ್ತು.

ಎಲ್ಲ ಅಧ್ಯಯನಗಳೂ ಹೀಗೆಯೇ ಹೇಳಿಲ್ಲ. 2012ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 228 ಶಾಲಾ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಮೆಸೇಜ್ ಭಾಷೆ ಹೆಚ್ಚು ಬಳಸುವ ಮಕ್ಕಳಿಗೆ ವ್ಯಾಕರಣ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದದ್ದು ಕಂಡಿತು. 2008ರಲ್ಲಿ ಅಲ್ಲಿನ ಪ್ಯೂ ಸಂಸ್ಥೆ 12ರಿಂದ 17 ವರ್ಷದ 700 ಮಕ್ಕಳನ್ನು ಕೇಳಿದಾಗ, ಶಾಲೆಯ ಬರವಣಿಗೆಯಲ್ಲಿಯೂ ಮೆಸೇಜಿನ ಮೊಟಕು ಪದ ಬಂದುಬಿಟ್ಟಿದೆ ಎಂದು ಶೇ. 38ರಷ್ಟು ಮಕ್ಕಳು ಒಪ್ಪಿಕೊಂಡಿದ್ದರು. ನಗುಮುಖದ ಚಿಹ್ನೆ ಹಾಕಿದ್ದೇವೆ ಎಂದವರು ಶೇ. 25ರಷ್ಟು.

ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮೆಸೇಜಿನಿಂದ ಕಾಗುಣಿತ ಕೆಡುತ್ತದೆ ಎಂಬ ಭಯಕ್ಕೆ ಹೆಚ್ಚು ಆಧಾರವಿಲ್ಲ. ಎಲ್ಲಿ ಯಾವ ಭಾಷೆ ಬಳಸಬೇಕು ಎಂಬ ಗೆರೆ ಅಳಿಸಿಹೋಗುವುದು ಮಾತ್ರ ನಿಜವಾಗಿಯೂ ನಡೆಯುತ್ತಿದೆ. ಇವೆಲ್ಲವೂ ಇಂಗ್ಲಿಷ್ ಮಾತೃಭಾಷೆಯ ಮಕ್ಕಳ ಕಥೆ ಎಂಬುದನ್ನೂ ನೆನಪಿಡಬೇಕು. ಆ ಮಕ್ಕಳು ತಮ್ಮ ಭಾಷೆಯನ್ನು ತಮ್ಮದೇ ಅಕ್ಷರಗಳಲ್ಲಿ ಮೊಟಕು ಮಾಡುತ್ತಿದ್ದರು. ನಮ್ಮ ಮಕ್ಕಳ ಸಂಗತಿ ಅಲ್ಲಿಗಿಂತ ಬೇರೆ.

ಲಿಪಿಯೇ ಬದಲಾದಾಗ

ಕರ್ನಾಟಕದ ಮುಸ್ಲಿಮರ ಮನೆಗಳಲ್ಲಿ ಒಂದೇ ಭಾಷೆ ಇಲ್ಲ. ಕರಾವಳಿಯಲ್ಲಿ ಬ್ಯಾರಿ, ಭಟ್ಕಳದಲ್ಲಿ ನವಾಯತಿ, ಬೀದರ್ ಕಲಬುರಗಿಗಳಲ್ಲಿ ದಖನಿ ಉರ್ದು, ನದಾಫ್ ಪಿಂಜಾರ ಕುಟುಂಬಗಳಲ್ಲಿ ಕನ್ನಡ. ಓದಲು ಬರೆಯಲು ಬಹುತೇಕ ನಮಗೆ ದೊರೆತದ್ದು ಕನ್ನಡ ಲಿಪಿ, ಜೊತೆಗೆ ಮದ್ರಸಾದ ಅರಬಿ ಲಿಪಿ, ಕೆಲವೆಡೆ ಉರ್ದು. ಬ್ಯಾರಿ ಭಾಷೆಯ ಕಥೆ ಕವಿತೆಗಳು ಹೆಚ್ಚಾಗಿ ಅಚ್ಚಾಗಿರುವುದೂ ಕನ್ನಡ ಲಿಪಿಯಲ್ಲೇ. ಆದರೆ ಇಂದು ಈ ಮನೆಗಳ ಮಕ್ಕಳ ಫೋನ್ ನೋಡಿದರೆ ಎಲ್ಲ ಭಾಷೆಗಳೂ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ.

ಇದಕ್ಕೆ ಮಕ್ಕಳನ್ನು ದೂರಬೇಕಾಗಿಲ್ಲ. ಹಳೆಯ ಕೀಪ್ಯಾಡ್ ಫೋನುಗಳಲ್ಲಿ ಕನ್ನಡ ಬರೆಯುವುದು ಸುಲಭವಿರಲಿಲ್ಲ. 160 ಅಕ್ಷರ ಎಂಬ ಲೆಕ್ಕವೂ ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ. ಕನ್ನಡದಲ್ಲೋ ಅರಬಿಯಲ್ಲೋ ಬರೆದರೆ ಅದೇ ಸಂದೇಶದಲ್ಲಿ 70 ಮಾತ್ರ ಹಿಡಿಯುತ್ತಿತ್ತು. ಅದರಲ್ಲೂ ಕನ್ನಡದ ಗುಣಿತ, ಒತ್ತು, ಸೊನ್ನೆಗಳನ್ನು ಫೋನ್ ಬೇರೆ ಬೇರೆಯಾಗಿ ಎಣಿಸುತ್ತದೆ. 'ಸ್ತ್ರೀ' ಎಂಬ ಒಂದಕ್ಷರ ಅದರ ಲೆಕ್ಕದಲ್ಲಿ ಆರು. 'ಅಸ್ಸಲಾಮು ಅಲೈಕುಂ' ಎಂದು ಕನ್ನಡದಲ್ಲಿ ಬರೆದರೆ 70ರಲ್ಲಿ 15 ಅಲ್ಲಿಗೇ ಮುಗಿಯಿತು. ಹೀಗೆ ಬಡವನ ಜೇಬಿಗೆ ಇಂಗ್ಲಿಷ್ ಅಕ್ಷರವೇ ಅಗ್ಗವಾಯಿತು.

ಈಗ ಆ ಕಾರಣಗಳು ಉಳಿದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಅಕ್ಷರದ ಲೆಕ್ಕವಿಲ್ಲ. 2016ರಲ್ಲಿ ಜಿಯೊ ಬಂದ ಮೇಲೆ ಇಂಟರ್‌ನೆಟ್ ಹಳ್ಳಿಹಳ್ಳಿಗೆ ಅಗ್ಗವಾಗಿ ತಲುಪಿದೆ. ಇಂದಿನ ಸ್ಮಾರ್ಟ್‌ಫೋನುಗಳಲ್ಲಿ ಕನ್ನಡ ಕೀಬೋರ್ಡ್ ಬಿಟ್ಟಿ ಸಿಗುತ್ತದೆ. ಕಾರಣ ಹೋಯಿತು, ಅಭ್ಯಾಸ ಉಳಿಯಿತು. ಆ ಅಭ್ಯಾಸ ಈಗ ಅಣ್ಣನಿಂದ ತಮ್ಮನಿಗೆ, ಅಬ್ಬಾನಿಂದ ಮಗಳಿಗೆ ದಾಟುತ್ತಿದೆ.

ಇದರಿಂದ ಆಗುವ ನಷ್ಟವೇನು? ಒಂದು ಉದಾಹರಣೆ ನೋಡಿ. ಬೆಲೆ, ಬೆಳೆ, ಬೇಳೆ. ಅಂಗಡಿಯ ಬೆಲೆ ಒಂದು, ಹೊಲದ ಬೆಳೆ ಇನ್ನೊಂದು, ಸಾರಿನ ಬೇಳೆ ಮತ್ತೊಂದು. ಇಂಗ್ಲಿಷ್ ಅಕ್ಷರದಲ್ಲಿ ಮಕ್ಕಳು ಮೂರನ್ನೂ ಒಂದೇ ರೀತಿ ಬರೆಯುತ್ತಾರೆ. ಲ ಮತ್ತು ಳ, ನ ಮತ್ತು ಣ, ತ ಮತ್ತು ಟ, ದ ಮತ್ತು ಡ, ಹ್ರಸ್ವ ಮತ್ತು ದೀರ್ಘ, ಇವೆಲ್ಲ ಅಲ್ಲಿ ಕಲಸಿಹೋಗುತ್ತವೆ. ಓದುವವನು ಸಂದರ್ಭ ನೋಡಿ ಊಹಿಸಿಕೊಳ್ಳುತ್ತಾನೆ, ಹಾಗಾಗಿ ಕೆಲಸ ನಡೆಯುತ್ತದೆ. ಆದರೆ ಬರೆಯುವ ಮಗುವಿಗೆ ಆ ವ್ಯತ್ಯಾಸವನ್ನು ನೆನಪಿಡುವ ಅಗತ್ಯವೇ ಬೀಳುವುದಿಲ್ಲ. ಬಳಸದ ಚಾಕುವಿಗೆ ತುಕ್ಕು ಹಿಡಿಯುತ್ತದೆ. ಮದ್ರಸಾದ ದೊಡ್ಡ ತರಗತಿಗಳಲ್ಲಿ ನಾವು ಕಾಣುವುದೂ ಇದನ್ನೇ. 'ಅರ್ಥ' ಬರೆಯಬೇಕಾದಲ್ಲಿ 'ಅರ್ಧ' ಬರುತ್ತದೆ, ಒತ್ತಕ್ಷರ ಎಲ್ಲಿ ಹಾಕಬೇಕೆಂದು ಪೆನ್ನು ತಡವರಿಸುತ್ತದೆ. ಓದಿ ಹೇಳು ಎಂದರೆ ಕನ್ನಡದ ಉದ್ದ ವಾಕ್ಯದ ನಡುವೆ ಉಸಿರು ನಿಲ್ಲುತ್ತದೆ.

ಅರಬಿ ಪದಗಳಿಗೂ ಇದೇ ಗತಿ. ದೊಡ್ಡ ಕಾಫಿನಿಂದ ಹೇಳುವ 'ಕಲ್ಬ್' ಎಂದರೆ ಹೃದಯ. ಸಣ್ಣ ಕಾಫಿನಿಂದ ಹೇಳಿದರೆ ನಾಯಿ. ಮದ್ರಸಾದಲ್ಲಿ ತಜ್‌ವೀದ್ ಕಲಿಸುವಾಗ ಇದನ್ನು ಹೇಳದ ಉಸ್ತಾದರಿಲ್ಲ. ಐದು ವರ್ಷ ಕಷ್ಟಪಟ್ಟು ಕಲಿತ ಈ ವ್ಯತ್ಯಾಸ, ಅರಬಿ ಲಿಪಿಯನ್ನು ಮತ್ತೆಂದೂ ಮುಟ್ಟದೆ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಓದುವ ಮಗುವಿನಲ್ಲಿ ಎಷ್ಟು ದಿನ ಉಳಿದೀತು?

ಫೋನ್ ಬಳಸಲು ಬರುವುದು ಬೇರೆ, ಓದಲು ಬರುವುದು ಬೇರೆ. 14ರಿಂದ 18 ವರ್ಷದ ಗ್ರಾಮೀಣ ಮಕ್ಕಳ ಬಗ್ಗೆ ಅಸರ್ ಸಮೀಕ್ಷೆಯ 2023ರ ವರದಿ ಇದನ್ನು ತೋರಿಸಿದೆ. ಹತ್ತಿರ ಹತ್ತಿರ ಶೇ. 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಅದನ್ನು ಬಳಸಲೂ ಅವರಿಗೆ ಬರುತ್ತಿತ್ತು. ಆದರೆ ಸುಮಾರು ಶೇ. 25ರಷ್ಟು ಮಕ್ಕಳಿಗೆ ತಮ್ಮ ರಾಜ್ಯದ ಭಾಷೆಯಲ್ಲಿರುವ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರುತ್ತಿರಲಿಲ್ಲ. ಫೋನೇ ಇದಕ್ಕೆ ಕಾರಣ ಎಂದು ವರದಿ ಹೇಳಿಲ್ಲ, ನಾವೂ ಹೇಳುವುದಿಲ್ಲ. ಬೆರಳು ಚುರುಕಾಗಿರುವುದನ್ನು ಕಂಡು ಓದೂ ಚುರುಕಾಗಿದೆ ಎಂದು ಹೆತ್ತವರು ತಿಳಿಯಬಾರದು ಎನ್ನುವುದಷ್ಟೇ ನಮ್ಮ ಮಾತು.

ಯಾರಿಗೆ ಬರೆಯುತ್ತಿದ್ದೇವೆ

ಬರವಣಿಗೆ ಎಂದರೆ ಅಕ್ಷರ ಜೋಡಿಸುವುದು ಮಾತ್ರವಲ್ಲ. ಎದುರಿಗೆ ಯಾರಿದ್ದಾರೆ ಎಂದು ಅರಿತು ಬರೆಯುವುದು. ಪ್ರವಾದಿವರ್ಯರು(ಸ) ರೋಮ್ ಚಕ್ರವರ್ತಿ ಹೆರಾಕ್ಲಿಯಸ್‌ಗೆ ಪತ್ರ ಬರೆಸಿದ ಪ್ರಸಂಗ ಪ್ರಸಿದ್ಧವಾದದ್ದು. ಯಾರಿಂದ, ಯಾರಿಗೆ ಎಂಬುದು ಆ ಪತ್ರದ ಆರಂಭದಲ್ಲೇ ಇತ್ತು, ಎದುರಿನವನ ಸ್ಥಾನಕ್ಕೆ ತಕ್ಕ ಸಂಬೋಧನೆ ಇತ್ತು. ಮುದ್ರೆಯಿಲ್ಲದ ಪತ್ರವನ್ನು ಅರಸರು ಸ್ವೀಕರಿಸುವುದಿಲ್ಲ ಎಂದು ತಿಳಿದಾಗ ಪ್ರವಾದಿವರ್ಯರು(ಸ) ಬೆಳ್ಳಿಯ ಮುದ್ರೆಯುಂಗುರವನ್ನೇ ಮಾಡಿಸಿದರು. ಓದುವವರ ರೀತಿಯನ್ನು ಗೌರವಿಸಿ ಬರೆಯುವುದು ಸುನ್ನತ್ತಿನಲ್ಲೇ ಇರುವ ಪಾಠ.

ಹದಿಹರೆಯದ ಮಗು ದಿನಕ್ಕೆ ನೂರು ಮೆಸೇಜ್ ಬರೆದರೂ ಬಹುಪಾಲು ತನ್ನದೇ ವಯಸ್ಸಿನ ಗೆಳೆಯರಿಗೆ ಬರೆಯುತ್ತದೆ. ಅಲ್ಲಿ ಅರ್ಧ ಮಾತು ಸಾಕು, ಉಳಿದರ್ಧ ಅವರಿಗೆ ಗೊತ್ತಿರುತ್ತದೆ. ಆದರೆ ಮುಖ್ಯೋಪಾಧ್ಯಾಯರಿಗೆ, ಬ್ಯಾಂಕಿನ ಮ್ಯಾನೇಜರಿಗೆ, ಪಂಚಾಯಿತಿಗೆ, ವಿದ್ಯಾರ್ಥಿವೇತನದ ಕಚೇರಿಗೆ ಬರೆಯುವಾಗ ಏನನ್ನೂ ಅರ್ಧಕ್ಕೆ ಬಿಡುವಂತಿಲ್ಲ. ನಾನು ಯಾರು, ಏನಾಯಿತು, ಯಾವಾಗ ಆಯಿತು, ನನಗೆ ಏನು ಬೇಕು ಎಂಬುದನ್ನು ಅಪರಿಚಿತನಿಗೂ ತಿಳಿಯುವಂತೆ ಕ್ರಮವಾಗಿ ಹೇಳಬೇಕು. ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯಲ್ಲಿ ಪತ್ರಲೇಖನ, ಪ್ರಬಂಧ ಇರುವುದು ಈ ಕಾರಣಕ್ಕೇ. ಅದು ಬರೀ ಅಂಕದ ಮಾತಲ್ಲ. ತನ್ನ ಅಹವಾಲನ್ನು ತಾನೇ ಬರೆಯಲಾಗದವನು ಜೀವನವಿಡೀ ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಸಾಲ ವ್ಯವಹಾರವನ್ನು ಬರೆದಿಡಬೇಕೆಂಬ ಆಜ್ಞೆ ಇರುವ ಆಯತ್ತೇ ಇಡೀ ಕುರ್‌ಆನಿನಲ್ಲಿ ಅತ್ಯಂತ ಉದ್ದನೆಯದು. ಸೂರಃ ಅಲ್ ಬಕರದ 282ನೆಯ ಆಯತ್ ಅದು. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ, ಅವಧಿ ಸಹಿತ ಬರೆದಿಡಲು ಬೇಸರಿಸಬಾರದು ಎಂದು ಅಲ್ಲಿ ತಾಕೀತು ಇದೆ. ಇಂದು ಯುವಕರು ಸಾವಿರಾರು ರೂಪಾಯಿಯ ಲೇವಾದೇವಿಯನ್ನು ಒಂದು ಹೆಬ್ಬೆರಳಿನ ಚಿತ್ರದಲ್ಲಿ ಮುಗಿಸುತ್ತಾರೆ. ಆ ಹೆಬ್ಬೆರಳು 'ಹಣ ಬಂತು' ಎಂದೋ, 'ನೋಡಿದೆ' ಎಂದೋ, 'ಮರಳಿ ಕೊಡುತ್ತೇನೆ' ಎಂದೋ ಆಮೇಲೆ ಜಗಳ ಶುರುವಾಗುತ್ತದೆ. ಸ್ಪಷ್ಟವಾಗಿ ಬರೆಯುವುದನ್ನು ಹದಿನಾರಕ್ಕೆ ಕಲಿಯದವನು ಇಪ್ಪತ್ತಾರಕ್ಕೆ ಹೇಗೆ ಬರೆದಾನು?

ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಮಾತಿನ ಮರ್ಯಾದೆ ಪದದ ಕೊನೆಯಲ್ಲಿ ಕುಳಿತಿದೆ. ಬಾ, ಬನ್ನಿ. ಊಟ ಆಯ್ತಾ, ಊಟ ಆಯಿತೇ. ಬಂದೆಯಾ, ಬಂದಿರಾ. ಪದದ ಬಾಲ ಕತ್ತರಿಸಿದರೆ ಮೊದಲು ಹೋಗುವುದು ಮರ್ಯಾದೆಯೇ. ಮಗು ಬೇಕೆಂದೇ ಅಗೌರವ ತೋರಿಲ್ಲ, ಗೆಳೆಯನಿಗೆ ಬರೆದ ಹಾಗೆ ಮಾವನಿಗೂ ಬರೆದಿದೆ. ಮಾವನಿಗೆ ಮಾತ್ರ ಅದು ಚುಚ್ಚುತ್ತದೆ.

ಸಲಾಮಿನ ಮಾತೂ ಹಾಗೆಯೇ. ಸಲಾಮಿಗೆ ಅದಕ್ಕಿಂತ ಉತ್ತಮವಾಗಿ, ಇಲ್ಲವೇ ಅಷ್ಟಾದರೂ ಮರುಸಲಾಂ ಹೇಳಬೇಕೆಂದು ನಮಗೆ ಕಲಿಸಲಾಗಿದೆ. ಅದು ಒಂದು ದುಆ. ಅದನ್ನು ಮೂರು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ, ಉತ್ತರವಾಗಿ ಎರಡಕ್ಷರ ಪಡೆದರೆ ದುಆ ಎಲ್ಲಿ ಉಳಿಯಿತು? ಸಮಯ ಉಳಿಸಲು ಬೇರೆ ಪದಗಳು ಬೇಕಾದಷ್ಟಿವೆ.

ದನಿಯಿಲ್ಲದ ಮಾತು

ಎದುರಿಗೆ ಕುಳಿತು ಮಾತಾಡುವಾಗ ಮುಖವಿದೆ, ದನಿಯಿದೆ, ನಡುವಿನ ಮೌನವಿದೆ. ಮೆಸೇಜಿನಲ್ಲಿ ಇವು ಯಾವುವೂ ಇಲ್ಲ. ಹಾಗಾಗಿ ಮಕ್ಕಳು ಆ ಜಾಗಕ್ಕೆ ತಮ್ಮದೇ ಚಿಹ್ನೆಗಳನ್ನು ಕಟ್ಟಿಕೊಂಡಿದ್ದಾರೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ವರ್ಷಗಳ ಹಿಂದೆ 126 ವಿದ್ಯಾರ್ಥಿಗಳಿಗೆ ಒಂದೇ ಉತ್ತರವನ್ನು ಎರಡು ರೀತಿ ತೋರಿಸಿದರು. ಮೆಸೇಜಿನ ಒಂದು ಪದದ ಉತ್ತರಕ್ಕೆ ಪೂರ್ಣವಿರಾಮ ಇದ್ದರೆ ಅದು ಮನಸ್ಸಿನಿಂದ ಬಂದದ್ದಲ್ಲ ಎಂದು ವಿದ್ಯಾರ್ಥಿಗಳಿಗೆ ಅನಿಸಿತು. ಕೈಬರಹದ ಚೀಟಿಯಲ್ಲಿ ಅದೇ ಪೂರ್ಣವಿರಾಮ ಇದ್ದಾಗ ಹಾಗೆ ಅನಿಸಲಿಲ್ಲ. ಶಾಲೆಯಲ್ಲಿ ವಾಕ್ಯ ಮುಗಿಸುವ ಚುಕ್ಕಿ ಫೋನಿನಲ್ಲಿ ಮುನಿಸಿನ ಗುರುತಾಗಿದೆ. 'ಆಯಿತು' ಎಂದು ಬರೆದು ಶಿಸ್ತಾಗಿ ಚುಕ್ಕಿ ಇಟ್ಟ ಅಬ್ಬಾ ಸಿಟ್ಟಾಗಿದ್ದಾರೆ ಎಂದು ಮಗಳು ತಿಳಿಯಬಹುದು. ಎರಡು ತಲೆಮಾರು ಒಂದೇ ಪದ ಬಳಸಿಯೂ ಎರಡು ಭಾಷೆ ಆಡುತ್ತಿರುತ್ತದೆ.

ಇದು ನಮ್ಮ ಸಮುದಾಯಕ್ಕೆ ಸಣ್ಣ ವಿಷಯವಲ್ಲ. ದುಡಿಯಲು ಸೌದಿ, ದುಬೈ, ಕತಾರ್‌ಗೆ ಹೋದ ತಂದೆಯರು ಎಷ್ಟು ಮನೆಗಳಲ್ಲಿದ್ದಾರೆ! ಹಿಂದೆ ಅವರ ಪತ್ರ ತಿಂಗಳಿಗೊಂದು ಬರುತ್ತಿತ್ತು. ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಕಳುಹಿಸಿದ್ದೂ ಉಂಟು. ಎರಡು ಪುಟದ ಆ ಪತ್ರದಲ್ಲಿ ಪ್ರತಿ ಮಗುವಿನ ಹೆಸರು ಹಿಡಿದು ಒಂದೊಂದು ಬುದ್ಧಿಮಾತು ಇರುತ್ತಿತ್ತು. ಮಗು ಉತ್ತರ ಬರೆಯಲು ಕುಳಿತರೆ ತನ್ನ ತಿಂಗಳನ್ನೇ ನೆನಪಿಸಿಕೊಂಡು ಜೋಡಿಸಬೇಕಿತ್ತು. ಇಂದು ಸಂಪರ್ಕ ದಿನಕ್ಕೆ ಹತ್ತು ಸಲ ಇದೆ. 'ಊಟ ಆಯ್ತಾ', 'ಹ್ಞೂಂ', 'ಓದಿದೆಯಾ', 'ಹ್ಞೂಂ'. ಮಗನ ಮನಸ್ಸಿನಲ್ಲಿ ಏನಿದೆ ಎಂಬುದು ಈ 'ಹ್ಞೂಂ' ದಾಟಿ ಅಬ್ಬಾನಿಗೆ ತಲುಪುವುದಿಲ್ಲ.

ಒಳ್ಳೆಯ ಬದಿಯನ್ನೂ ಹೇಳಬೇಕು. ಎದುರಿಗೆ ಬಾಯಿ ಬಿಡದ ಎಷ್ಟೋ ನಾಚಿಕೆಯ ಮಕ್ಕಳು ಮೆಸೇಜಿನಲ್ಲಿ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಕಿವಿ ಕೇಳಿಸದ ಮಕ್ಕಳಿಗೆ ಮೆಸೇಜ್ ದೊಡ್ಡ ಅನುಗ್ರಹ. ವಾಯ್ಸ್ ಮೆಸೇಜ್ ಬಂದ ಮೇಲೆ ಓದುಬರಹ ಬಾರದ ಅಜ್ಜಿಯೂ ಮೊಮ್ಮಗನಿಗೆ ದುಆ ಕಳುಹಿಸುತ್ತಾಳೆ. ಇವನ್ನೆಲ್ಲ ಬೇಡ ಎನ್ನುವುದು ಬುದ್ಧಿವಂತಿಕೆಯಲ್ಲ. ಆದರೆ ಕ್ಷಮೆ ಕೇಳುವುದು, ಸಾಂತ್ವನ ಹೇಳುವುದು, ಜಗಳ ಬಗೆಹರಿಸುವುದು, ಈ ಮೂರು ಕೆಲಸಗಳು ಮೆಸೇಜಿನಲ್ಲಿ ಆಗುವುದಿಲ್ಲ. ಸಾವಿನ ಮನೆಗೆ ಎರಡು ಕೈ ಜೋಡಿಸಿದ ಚಿತ್ರ ಕಳುಹಿಸಿದರೆ ಜವಾಬ್ದಾರಿ ತೀರಿತು ಎಂದು ಮಕ್ಕಳು ಕಲಿಯಬಾರದು. ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳುವುದನ್ನು ನಾವೇ ಅವರನ್ನು ಕರೆದುಕೊಂಡು ಹೋಗಿ ಕಲಿಸಬೇಕು.

ಓದುವುದು ಎಂದರೆ ಕೇಳಿ ನೋಡುವುದೂ ಹೌದು

ಅಕ್ಷರ ಬಲ್ಲವನು ಬರೆದದ್ದನ್ನೆಲ್ಲ ನಂಬುವುದಿಲ್ಲ. ಯಾರು ಬರೆದರು, ಯಾವಾಗ, ಆಧಾರವೇನು ಎಂದು ಕೇಳುತ್ತಾನೆ. ಹದೀಸ್ ಶಾಸ್ತ್ರ ಕಟ್ಟಿದ ನಮ್ಮ ವಿದ್ವಾಂಸರು ಹೇಳಿದವನ ಹೆಸರಿಲ್ಲದ ಮಾತನ್ನು ಒಪ್ಪುತ್ತಿರಲಿಲ್ಲ. ಸುದ್ದಿ ಬಂದರೆ ಮೊದಲು ಪರಿಶೀಲಿಸಬೇಕೆಂಬ ಆಜ್ಞೆ ಸೂರಃ ಅಲ್ ಹುಜುರಾತ್‌ನಲ್ಲಿದೆ. ಆದರೆ ಫಾರ್ವರ್ಡ್ ಮೆಸೇಜಿಗೆ ತಂದೆ ತಾಯಿ ಇಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಹೈದರಾಬಾದಿನಿಂದ ಬಂದಿದ್ದ ಯುವಕರನ್ನು ಮಕ್ಕಳ ಕಳ್ಳರೆಂದು ಸಾರುವ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಜನ ಮುತ್ತಿಕೊಂಡರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. ಮಿತಿ ಫೋನಿಗೆ ಬಂತು. ಅದು ಬೆರಳಿಗೂ ಬರಬೇಕಾದರೆ, 'ಇದನ್ನು ಯಾರು ಹೇಳಿದ್ದು?' ಎಂದು ಕೇಳುವ ರೂಢಿ ಹದಿಹರೆಯದಲ್ಲೇ ಬರಬೇಕು.

ಮನೆಯಲ್ಲಿ ಮಾಡಬಹುದಾದದ್ದು

ಬದ್ರ್ ಯುದ್ಧದ ಬಳಿಕ ಹಣ ಕೊಡಲಾಗದ, ಆದರೆ ಬರವಣಿಗೆ ಬಲ್ಲ ಸೆರೆಯಾಳುಗಳಿಗೆ ಅನ್ಸಾರರ ಮಕ್ಕಳಿಗೆ ಬರೆಯಲು ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ಗೊತ್ತು ಮಾಡಲಾಗಿತ್ತು. ಯುದ್ಧ ಮಾಡಿದವನನ್ನೂ ಗುರುವಾಗಿ ಬಳಸಿಕೊಂಡ ಪರಂಪರೆ ನಮ್ಮದು. ಹಾಗಿರುವಾಗ ಕೈಯಲ್ಲಿರುವ ಫೋನನ್ನು ಶತ್ರು ಎಂದು ದೂರುವ ಬದಲು ಅದರಿಂದಲೇ ಪಾಠ ಹೇಳಿಸಬಹುದು. ಕೆಲವು ಸುಲಭದ ಕೆಲಸಗಳನ್ನು ಹೇಳುತ್ತೇವೆ.

ಒಂದು, ಮನೆಯ ಎಲ್ಲ ಫೋನುಗಳಲ್ಲಿ ಇಂದೇ ಕನ್ನಡ ಕೀಬೋರ್ಡ್ ಹಾಕಿಸಿ. ಉರ್ದು ಓದುವ ಮನೆಯವರು ಉರ್ದುವನ್ನೂ ಹಾಕಿಸಿ. ಹಾಕಿಕೊಡಲು ಮಗನನ್ನೋ ಮಗಳನ್ನೋ ಕರೆಯಿರಿ. ಹಿರಿಯರಿಗೆ ಕಲಿಸುವ ಕೆಲಸ ಸಿಕ್ಕಿದರೆ ಮಕ್ಕಳು ಉತ್ಸಾಹದಿಂದ ಮಾಡುತ್ತಾರೆ.

ಎರಡು, ಮನೆಯ ಗ್ರೂಪಿನಲ್ಲಿ ಕನ್ನಡವನ್ನು ಕನ್ನಡ ಅಕ್ಷರದಲ್ಲೇ ಬರೆಯುವ ಪದ್ಧತಿ ಇರಲಿ. ಗೆಳೆಯರ ಜೊತೆ ಮಕ್ಕಳು ಹೇಗಾದರೂ ಬರೆದುಕೊಳ್ಳಲಿ, ಅಲ್ಲಿಗೆ ನಾವು ಕೈ ಹಾಕುವುದು ಬೇಡ. ಎರಡು ಕಡೆ ಎರಡು ರೀತಿ ಬರೆಯಲು ಬಂದರೆ ಅದೇ ನಿಜವಾದ ಭಾಷಾಜ್ಞಾನ.

ಮೂರು, ವಿದೇಶದಲ್ಲಿರುವ ತಂದೆಯರು ವಾರಕ್ಕೊಮ್ಮೆ ಪ್ರತಿ ಮಗುವಿಗೂ ಬೇರೆಬೇರೆಯಾಗಿ ಹತ್ತು ಸಾಲಿನ ಸಂದೇಶ ಬರೆಯಲಿ. 'ಊಟ ಆಯ್ತಾ' ಎಂದು ಕೇಳುವ ಬದಲು 'ಈ ವಾರ ನಿನಗೆ ಸಿಟ್ಟು ಬಂದದ್ದು ಯಾವಾಗ?' ಎಂದು ಕೇಳಲಿ. 'ಹ್ಞೂಂ' ಎಂದು ಉತ್ತರಿಸಲಾಗದ ಪ್ರಶ್ನೆ ಕೇಳಿದರೆ ಮಗು ವಾಕ್ಯ ಕಟ್ಟಲೇಬೇಕಾಗುತ್ತದೆ.

ನಾಲ್ಕು, ಮನೆಯ ಅರ್ಜಿಗಳನ್ನು ಮಕ್ಕಳ ಕೈಯಲ್ಲಿ ಕಾಗದದ ಮೇಲೆ ಬರೆಸಿ. ಶಾಲೆಯ ರಜಾ ಅರ್ಜಿ, ವಿದ್ಯುತ್ ಕಚೇರಿಗೆ ದೂರು, ಪಂಚಾಯಿತಿಗೆ ಮನವಿ, ಮನೆಯ ಸಾಲದ ಲೆಕ್ಕ, ಎಲ್ಲವೂ. ಮೊದಲ ಸಲ ತಪ್ಪಿದರೆ ಗದರಬೇಡಿ. ಪಕ್ಕದಲ್ಲಿ ಕುಳಿತು ಎರಡನೇ ಸಲ ಬರೆಸಿ.

ಐದು, ಮಗ್ರಿಬ್ ನಂತರ ಹತ್ತು ನಿಮಿಷ ಪತ್ರಿಕೆಯ ಒಂದು ಸುದ್ದಿಯನ್ನು ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಅಜ್ಜಿಗೆ ಸುದ್ದಿ ತಿಳಿಯುತ್ತದೆ, ಮಗುವಿಗೆ ಓದು ಬರುತ್ತದೆ. ಆ ಹತ್ತು ನಿಮಿಷ ದೊಡ್ಡವರ ಫೋನೂ ಕಪಾಟಿನ ಮೇಲಿರಲಿ.

ಆರು, ಸಲಾಮನ್ನು ಪೂರ್ತಿ ಬರೆಯಿರಿ. ಕನ್ನಡದಲ್ಲಿ ಬರೆದರೂ ಆಗುತ್ತದೆ, ಅರಬಿಯಲ್ಲಿ ಬರೆದರೂ ಆಗುತ್ತದೆ. ಪದೇ ಪದೇ ಬಳಸುವ ಪದವನ್ನು ಫೋನೇ ನೆನಪಿಟ್ಟು ಮುಂದಿಡುತ್ತದೆ, ಬೆರಳಿಗೆ ಶ್ರಮವಿಲ್ಲ.

ಏಳು, ಜಮಾಅತ್ ಕಮಿಟಿಯವರಿಗೆ ಒಂದು ವಿನಂತಿ. ಗ್ರೂಪಿಗೆ ಹಾಕುವ ಪ್ರಕಟಣೆಗಳನ್ನು ಕನ್ನಡ ಅಕ್ಷರದಲ್ಲಿ, ದಿನಾಂಕ ಸಮಯ ಸ್ಥಳ ಸಹಿತ, ಕೆಳಗೆ ಹೊಣೆ ಹೊತ್ತವರ ಹೆಸರು ಹಾಕಿ ಬರೆಯೋಣ. ಪ್ರಕಟಣೆಯ ಕರಡು ಬರೆಯುವ ಕೆಲಸವನ್ನು ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಸರದಿಯಂತೆ ಕೊಡಬಹುದು. ಊರೆಲ್ಲ ಓದುತ್ತದೆ ಎಂದು ತಿಳಿದರೆ ಮಕ್ಕಳು ಒತ್ತಕ್ಷರವನ್ನೂ ಎರಡು ಸಲ ನೋಡಿ ಹಾಕುತ್ತಾರೆ.

ಸಹಾಬಿ ಝೈದ್ ಬಿನ್ ಸಾಬಿತ್(ರ) ಹದಿಹರೆಯದವರಾಗಿದ್ದಾಗಲೇ ಪ್ರವಾದಿವರ್ಯರ(ಸ) ಸೂಚನೆಯಂತೆ ಯಹೂದಿಯರ ಲಿಪಿಯನ್ನು ಕೆಲವೇ ದಿನಗಳಲ್ಲಿ ಕಲಿತು, ಅವರೊಂದಿಗಿನ ಪತ್ರವ್ಯವಹಾರ ನೋಡಿಕೊಂಡರು. ಅದಕ್ಕಾಗಿ ಅವರು ತಮ್ಮ ಅರಬಿ ಲಿಪಿಯನ್ನು ಬಿಟ್ಟುಕೊಡಲಿಲ್ಲ. ಮುಂದೆ ಕುರ್‌ಆನನ್ನು ಒಂದೆಡೆ ಬರೆದು ಸಂಗ್ರಹಿಸುವ ಭಾರ ಅವರ ಹೆಗಲಿಗೇ ಬಂತು. ನಮ್ಮ ಮಕ್ಕಳೂ ಎಷ್ಟು ಲಿಪಿ, ಎಷ್ಟು ಭಾಷೆ, ಎಷ್ಟು ಬಗೆಯ ಮೊಟಕು ಕಲಿತರೂ ಸಂತೋಷವೇ. ಮನೆಯ ಮಾತನ್ನು ಪೂರ್ತಿಯಾಗಿ ಬರೆಯುವ ಕೈ ಮಾತ್ರ ಅವರಲ್ಲಿ ಉಳಿಯಬೇಕು. ಅದನ್ನು ಉಳಿಸಿಕೊಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.